ಓರಿನ್‌ಗೆ ಎಷ್ಟು ಆಯುಷ್ಯ

ಗುರುವಾರ ಮಧ್ಯಾಹ್ನ ನಾಲ್ಕು ಗಂಟೆ ದಾಟಿತ್ತು. ಪರದೆಯ ಮೇಲೆ ಮೂಡಿದ ಅಂಕಿಯನ್ನು ನೀಲಾಂಬಿಕಾ ಮೂರು ಸಲ ಓದಿದಳು. ಓರಿನ್: ಒಂದು ವರ್ಷ ಒಂದು ತಿಂಗಳು. ಹೋದ ವಾರ ಅದೇ ಸಾಲಿನಲ್ಲಿ ಆರು ವರ್ಷ ಎರಡು ತಿಂಗಳು ಎಂದಿತ್ತು.

ಓರಿನ್ ಒಂದು ಪ್ರೋಗ್ರಾಮಿಂಗ್ ಭಾಷೆ. ಅವಳ ಗಂಡ ಚನ್ನವೀರ ಹತ್ತು ತಿಂಗಳಿಂದ ಅದನ್ನೇ ಕಲಿಯುತ್ತಿದ್ದ.

ಆ ಕಾಲಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಮನುಷ್ಯರ ಕೈಯಲ್ಲಿ ಉಳಿದಿರಲಿಲ್ಲ. ಯಂತ್ರಗಳೇ ಬರೆಯುತ್ತಿದ್ದವು. ತಮಗೆ ಅನುಕೂಲವಾಗುವಂತೆ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಭಾಷೆಗಳನ್ನೂ ತಾವೇ ಹುಟ್ಟಿಸಿಕೊಳ್ಳುತ್ತಿದ್ದವು. ಆದರೆ ಆಸ್ಪತ್ರೆ, ರೈಲ್ವೆ ಸಿಗ್ನಲ್, ಕರೆಂಟು, ಕುಡಿಯುವ ನೀರು, ಹೀಗೆ ಜನರ ಜೀವಕ್ಕೆ ಸಂಬಂಧಪಟ್ಟ ಕಡೆಗಳಲ್ಲಿ ಯಂತ್ರ ಬರೆದದ್ದನ್ನು ಒಬ್ಬ ಮನುಷ್ಯ ಪೂರ್ತಿ ಓದಿ, ಸರಿಯಿದೆ ಎಂದು ಸಹಿ ಹಾಕಲೇಬೇಕೆಂದು ಕಾನೂನು ಮಾಡಿದ್ದರು. ಹಾಗೆ ಓದುವವರಿಗೆ ಸಹಿದಾರರು ಎಂದು ಹೆಸರು. ಲಕ್ಷಾಂತರ ಮನೆಗಳ ಅನ್ನ ಆ ಸಹಿಯ ಮೇಲೆ ನಿಂತಿತ್ತು. ಒಂದೊಂದು ಭಾಷೆಗೆ ಒಂದೊಂದು ಲೈಸೆನ್ಸ್, ಒಂದೊಂದಕ್ಕೂ ಹದಿನಾಲ್ಕು ತಿಂಗಳ ಓದು. ನಲವತ್ತೈದು ತುಂಬಿದವರು ಹೊಸ ಪರೀಕ್ಷೆಗೆ ಕೂರುವಂತಿರಲಿಲ್ಲ.

ಹಾಗಾಗಿ ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ. ಯಾವ ಭಾಷೆ ಕಲಿಯಬೇಕು? ಕಲಿತು ಮುಗಿಸುವಷ್ಟರಲ್ಲಿ ಅದು ಬಳಕೆಯಲ್ಲಿ ಇರುತ್ತದೋ ಇಲ್ಲವೋ? ಇದನ್ನು ಹೇಳಲೆಂದೇ ಧಾರವಾಡದ ಹೊರವಲಯದಲ್ಲಿ ಒಂದು ಕೇಂದ್ರ ಕಟ್ಟಿದ್ದರು. ಯಾವ ಕಂಪನಿ ಯಾವ ಭಾಷೆಯ ಸಹಿದಾರರನ್ನು ಹುಡುಕುತ್ತಿದೆ, ಯಾವ ಭಾಷೆಯಲ್ಲಿ ದಿನಕ್ಕೆ ಎಷ್ಟು ಸಾಲು ಹೊಸದಾಗಿ ಹುಟ್ಟುತ್ತಿದೆ, ಎಷ್ಟು ಜನ ಕಲಿಯಲು ಸೇರಿದರು, ಎಷ್ಟು ಜನ ಅರ್ಧಕ್ಕೆ ಬಿಟ್ಟರು ಎಂಬುದನ್ನೆಲ್ಲ ಅಲ್ಲಿನ ಗಣಕ ಒಟ್ಟು ಹಾಕಿಕೊಂಡು, ಪ್ರತಿ ಭಾಷೆಗೂ ಇನ್ನೆಷ್ಟು ಆಯುಷ್ಯವಿದೆ ಎಂದು ಗುರುವಾರ ಹೇಳುತ್ತಿತ್ತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಿ ಹೊರಬೀಳುತ್ತಿತ್ತು. ಜನ ಅದನ್ನು ಪಂಚಾಂಗ ಎಂದೇ ಕರೆಯುತ್ತಿದ್ದರು. ಕಲಿಯುವವರೂ ಅದನ್ನು ನೋಡಿ ಸೇರುತ್ತಿದ್ದರು, ಕಂಪನಿಗಳೂ ಅದನ್ನು ನೋಡಿಯೇ ತಮ್ಮ ಮುಂದಿನ ಯಂತ್ರಗಳಿಗೆ ಭಾಷೆ ಆರಿಸುತ್ತಿದ್ದವು. ಆರು ವರ್ಷಗಳಲ್ಲಿ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ನೀಲಾಂಬಿಕಾಳ ಕೆಲಸ ಬಹಳ ಸಣ್ಣದು. ಗುರುವಾರ ಬಂದ ಅಂಕಿಗಳನ್ನು ಸೋಮವಾರ ಪ್ರಕಟಣೆಯ ಪುಟಕ್ಕೆ ಕೈಯಾರೆ ಟೈಪ್ ಮಾಡುವುದು. ಹಿಂದೊಮ್ಮೆ ಗಣಕ ನೇರವಾಗಿ ಕಳಿಸುವಾಗ ವರ್ಷದ ಜಾಗಕ್ಕೆ ತಿಂಗಳು ಬಿದ್ದು ದೊಡ್ಡ ಗಲಾಟೆಯಾಗಿತ್ತು. ಅಂದಿನಿಂದ ಮನುಷ್ಯರ ಕೈಯಿಂದಲೇ ಹೋಗಬೇಕೆಂದು ನಿಯಮ. ಅವಳು ಟೈಪ್ ಮಾಡಿದ್ದನ್ನು ಪರಿಶೀಲಿಸಲು ಇನ್ನೊಬ್ಬರಿದ್ದರು. ಅವರು ನಿವೃತ್ತರಾಗಿ ವರ್ಷವಾದರೂ ಆ ಕುರ್ಚಿ ತುಂಬಿರಲಿಲ್ಲ. ಗುರುವಾರದಿಂದ ಸೋಮವಾರದವರೆಗೆ ಯಾರಿಗೂ, ಮನೆಯವರಿಗೂ, ಅಂಕಿ ಹೇಳಬಾರದೆಂದು ಅವಳು ಬರೆದುಕೊಟ್ಟಿದ್ದಳು. ಇಲ್ಲಿಯತನಕ ಹೇಳಿರಲೂ ಇಲ್ಲ.

ಆ ಸಂಜೆ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಅವಳು ಕೈಬೆರಳು ಎಣಿಸುತ್ತಾ ಕುಳಿತಿದ್ದಳು. ಚನ್ನವೀರನಿಗೆ ಆಗ ನಲವತ್ಮೂರು ವರ್ಷ ಎಂಟು ತಿಂಗಳು. ಅವನು ಮೊದಲು ಕಲಿತ ಭಾಷೆ ಕಾಲೇಜು ಬಿಡುವಷ್ಟರಲ್ಲಿ ಹೋಯಿತು. ಎರಡನೆಯದು ಹನ್ನೊಂದು ವರ್ಷ ಅನ್ನ ಹಾಕಿತು. ಮೂರನೆಯದಕ್ಕೆ ಎಂಟೇ ತಿಂಗಳು ಸಂಬಳ ಬಂತು. ಕಂಪನಿ ಭಾಷೆ ಬದಲಾಯಿಸಿ, ಹೊಸ ಲೈಸೆನ್ಸ್ ತಂದವರು ಬನ್ನಿ ಎಂದು ಹೇಳಿ ಎಲ್ಲರನ್ನೂ ಕಳಿಸಿತು. ಓರಿನ್ ನಾಲ್ಕನೆಯದು. ಈಗ ಬಿಟ್ಟರೆ ಇನ್ನೊಂದು ಹದಿನಾಲ್ಕು ತಿಂಗಳಿಗೆ ಮಾತ್ರ ಜಾಗವಿತ್ತು. ಒಂದು ತಿಂಗಳು ತಡವಾದರೂ ಸಂಕಟ.

ಮನೆಗೆ ಬಂದಾಗ ಅವನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಅವಳನ್ನು ನೋಡಿ ನಕ್ಕ.

"ಇವತ್ತ ಒಂದ್ ಮಜಾ ಆತು ನೀಲಾ. ಮಾಸ್ತರಿಗೇ ತಿಳೀದ ಪಾಠ ನಾ ಹುಡುಗರಿಗೆ ತಿಳಿಸಿ ಹೇಳಿದೆ. ಆ ಶಾಹೀನ್ ಅಂತೂ ಚಪ್ಪಾಳಿನ ಹೊಡದಳು."

"ರೀ, ನಾಳೆ ಕ್ಲಾಸಿಗೆ ಹೋಗಬ್ಯಾಡ್ರಿ."

"ಯಾಕ, ಸೂಟಿ ಐತೇನು?"

"ಓರಿನ್ ಬಿಟ್ಟುಬಿಡ್ರಿ."

ಅವನ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. ಅವಳೇ ಹೋಗಿ ಬಂದ್ ಮಾಡಿದಳು.

"ಎಷ್ಟ ಬಂತು?"

"ನಾ ಹೇಳಂಗಿಲ್ರೀ."

"ಬಿಡು ಅಂದ ಮ್ಯಾಲ ಹೇಳಿದಂಗ ಆತಲ್ಲ. ಎಷ್ಟು?"

"ಹದಿಮೂರು ತಿಂಗಳು."

ಅವನು ಒದ್ದೆ ಬೆರಳುಗಳಲ್ಲೇ ಲೆಕ್ಕ ಹಾಕಿದ. "ಪರೀಕ್ಷಾಕ್ಕ ನಾಕು. ಲೈಸೆನ್ಸ್ ಕೈಗೆ ಬರಾಕ ಎರಡು. ಉಳಿಯೋದು ಏಳು. ಏಳು ತಿಂಗಳಿಗೆ ಯಾರ್ ಕೆಲಸ ಕೊಡ್ತಾರ?" ತನಗೆ ತಾನೇ ಕೇಳಿಕೊಂಡಂತಿತ್ತು. ನೆಲದ ಮೇಲೆ ಕುಳಿತುಬಿಟ್ಟ. ತಲೆ ಎತ್ತಿ, "ಯಾವುದು ಚಲೋ ಐತಿ?" ಎಂದ.

"ಸೆರಾ. ಏಳು ವರ್ಷ ಒಂಬತ್ತು ತಿಂಗಳು."

"ಮತ್ತ ನನ್ನ ಜೋಡಿ ಇದ್ದವರು? ಮೂವತ್ತೊಂದು ಮಂದಿ ಅದಾರ. ಅವರಿಗೆ ಏನಂತ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ. ನಾ ನಿಮಗ ಹೇಳಿದ್ದು ಗೊತ್ತಾತಂದ್ರ ಕೆಲಸ ಹೋಗ್ತೈತಿ. ಜೈಲಾದ್ರೂ ಆದೀತು."

ಶುಕ್ರವಾರ ಅವನು ಓರಿನ್ ತರಗತಿಯಿಂದ ಹೆಸರು ತೆಗೆಸಿದ. ಹೆಸರು ತೆಗೆಸಿದ್ದನ್ನು ಅದೇ ದಿನ ಸಂಜೆ ಐದರೊಳಗೆ ರದ್ದು ಮಾಡಬಹುದು, ಆಮೇಲೆ ಬಂದರೆ ಮೊದಲಿನಿಂದ ಶುರು ಮಾಡಬೇಕು ಎಂದು ಗುಮಾಸ್ತೆ ಎರಡೆರಡು ಸಲ ಹೇಳಿದಳು. ಅವನು ಸಹಿ ಹಾಕಿ, ವಿದ್ಯಾನಗರದಲ್ಲಿದ್ದ ಇನ್ನೊಂದು ಕಟ್ಟಡಕ್ಕೆ ಹೋಗಿ ಸೆರಾಕ್ಕೆ ಹೆಸರು ಬರೆಸಿದ.

ಭಾನುವಾರ ಬೆಳಿಗ್ಗೆ ಶಾಹೀನ್ ನದಾಫ್ ಮನೆಗೆ ಬಂದಳು. ಮೊದಲು ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ ಆಗಿದ್ದವಳು. ಅಲ್ಲಿನ ಕೆಲಸಗಳಿಗೆಲ್ಲ ಯಂತ್ರ ಬಂದ ಮೇಲೆ ಓರಿನ್‌ಗೆ ಸೇರಿದ್ದಳು. ಇಪ್ಪತ್ತೊಂಬತ್ತರ ವಯಸ್ಸು, ಹಾಸಿಗೆ ಹಿಡಿದ ತಾಯಿ. ಚನ್ನವೀರ ಓದಲು ಕೊಟ್ಟಿದ್ದ ನೋಟ್‌ಬುಕ್ಕನ್ನು ವಾಪಸು ಕೊಡುವ ನೆಪ ಮಾಡಿಕೊಂಡು ಬಂದಿದ್ದಳು. ಅವಳ ದನಿ ಕೇಳಿದ್ದೇ ಚನ್ನವೀರ ಹಿತ್ತಲಿಗೆ ಹೋದವನು ಒಳಗೆ ಬರಲೇ ಇಲ್ಲ.

"ಅಣ್ಣಾರು ಯಾಕ ಬಿಟ್ರು ಅಕ್ಕಾ? ನಮ್ಮಿಂದ ಏನಾರ ತಪ್ಪಾತೇನು?"

"ಇಲ್ಲವಾ. ಅವರಿಗೆ ಆರಾಮಿಲ್ಲ."

ಶಾಹೀನ್ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ನೀವು ಎಲ್ಲಿ ಕೆಲಸ ಮಾಡ್ತೀರಿ ಅಂತ ನನಗ ಗೊತ್ತೈತಿ. ಹೇಳಾಕ ಬರಂಗಿಲ್ಲ ಅನ್ನೋದೂ ಗೊತ್ತೈತಿ. ಬಾಯಿ ಬಿಡಬ್ಯಾಡ್ರಿ. ಬರೇ ತಲಿ ಅಲ್ಲಾಡಿಸ್ರಿ, ಸಾಕು. ಬಿಡ್ಲೋ, ಇರ್ಲೋ?"

ಬಿಡು ಎಂದು ತಲೆ ಆಡಿಸಿದರೆ ಮೂವತ್ತು ಜನಕ್ಕೆ ಗೊತ್ತಾಗುತ್ತದೆ, ನಾಳೆ ಹನ್ನೊಂದರ ಮೊದಲೇ ಊರಿಗೆಲ್ಲ ಗೊತ್ತಾಗುತ್ತದೆ. ನೀಲಾಂಬಿಕಾ ಹೆದರಿದಳು. ಹೆದರಿಕೆಯಲ್ಲೇ ಮಾತು ಬಾಯಿಂದ ಬಿದ್ದುಹೋಯಿತು. "ಇರು. ಬಿಡಬ್ಯಾಡ."

ಶಾಹೀನ್ ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣೊರೆಸಿಕೊಂಡು ಹೋದಳು.

ಮರುದಿನ ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ನೀಲಾಂಬಿಕಾ ಓರಿನ್‌ನ ಸಾಲಿಗೆ ಬಂದಳು. ಪಕ್ಕದ ಕುರ್ಚಿ ಖಾಲಿ. ತಣ್ಣನೆಯ ಕೋಣೆಯಲ್ಲಿ ಗಣಕದ ಫ್ಯಾನುಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಒಂದು ವರ್ಷ ಒಂದು ತಿಂಗಳು ಎಂದು ಟೈಪ್ ಮಾಡಿದಳು. ಅಳಿಸಿದಳು. ತನ್ನ ಕೈ ಹಿಡಿದ ಆ ಕೈಗಳ ಬಿಸುಪು ಇನ್ನೂ ಅಲ್ಲೇ ಇದ್ದಂತಿತ್ತು. ಆರು ವರ್ಷ ನಾಲ್ಕು ತಿಂಗಳು ಎಂದು ಟೈಪ್ ಮಾಡಿ ಕಳಿಸಿಬಿಟ್ಟಳು.

ಸಂಜೆ ಪಟ್ಟಿ ನೋಡಿದ ಚನ್ನವೀರ, "ಹೆಸರು ತೆಗಿಸಿದ್ದಾತು, ಈಗ ಕೇಳಿ ಏನ್ ಮಾಡೋದು?" ಎಂದು ಸೆರಾದ ಪುಸ್ತಕ ತೆರೆದ. ಮುಂದಿನ ಗುರುವಾರ ಗಣಕ ಮತ್ತೆ ಹದಿಮೂರು ತಿಂಗಳೆನ್ನುತ್ತದೆ, ಮತ್ತೆ ಸುಳ್ಳು ಬರೆಯಬೇಕು, ಎಷ್ಟು ವಾರ ಬರೆಯಲಿ ಎಂದು ಅವಳು ಒದ್ದಾಡಿದಳು. ಗುರುವಾರ ನಾಲ್ಕಕ್ಕೆ ಅಂಕಿ ಬಂತು. ಓರಿನ್: ಐದು ವರ್ಷ ಹನ್ನೊಂದು ತಿಂಗಳು. ಗಣಕವೇ ಹೇಳಿದ್ದು.

ಅವಳು ಕೆಳಗಿನ ವಿವರಗಳನ್ನೆಲ್ಲ ತೆರೆದು ನೋಡಿದಳು. ಓರಿನ್ ಬಿಡಲು ಸಿದ್ಧವಾಗಿದ್ದ ಎರಡು ದೊಡ್ಡ ಕಂಪನಿಗಳು ಸೋಮವಾರದ ಅಂಕಿ ನೋಡಿ ಮನಸ್ಸು ಬದಲಿಸಿದ್ದವು. ಒಂದೇ ವಾರದಲ್ಲಿ ನಾಲ್ಕು ಸಾವಿರ ಜನ ಹೊಸದಾಗಿ ಸೇರಿದ್ದರು. ಜನ ಸೇರಿದ್ದು ನೋಡಿ ಇನ್ನೂ ಮೂರು ಕಂಪನಿಗಳು ಬಂದಿದ್ದವು. ಈ ಯಂತ್ರ ಮುಂದಿನದನ್ನು ಕಾಣುತ್ತಲೇ ಇರಲಿಲ್ಲ. ತಾನು ಹೇಳಿದ್ದನ್ನು ಜನ ನಂಬಿ ಓಡುವುದನ್ನು ನೋಡಿ, ಆ ಓಟವನ್ನೇ ಮತ್ತೆ ಅಳೆದು ಹೇಳುತ್ತಿತ್ತು. ಸಾಯುತ್ತದೆ ಎಂದದ್ದೆಲ್ಲ ಸತ್ತದ್ದು ಅದು ಹಾಗೆಂದಿದ್ದರಿಂದಲೇ. ಚನ್ನವೀರನ ಮೂರನೆಯ ಭಾಷೆಯೂ ಹೀಗೇ ಹೋಗಿರಬೇಕು. ಅದರ ಅಂಕಿಯನ್ನೂ ಅವಳೇ ಟೈಪ್ ಮಾಡಿದ್ದಳು.

ಮನೆಗೆ ಬಂದು ಗಂಡನಿಗೆ ಹೇಳಬೇಕೆಂದುಕೊಂಡಳು. ಅವನು ಸೆರಾದ ಮೊದಲ ಪಾಠದ ಮುಂದೆ ಕುಳಿತಿದ್ದ. ಹೇಳಿದರೂ ಅವನ ಹತ್ತು ತಿಂಗಳು ವಾಪಸು ಬರುವುದಿಲ್ಲ. ಹೇಗೂ ಸೆರಾಕ್ಕೆ ಏಳು ವರ್ಷದ ಮೇಲಿದೆಯಲ್ಲ, ಅವನ ದಾರಿಯೂ ಸುಸೂತ್ರವಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಸುಮ್ಮನಾದಳು.

ಮೂರನೆಯ ವಾರದಿಂದ ಸೆರಾ ಇಳಿಯತೊಡಗಿತು. ಓರಿನ್ ಬಿದ್ದಿದ್ದರೆ ಅಲ್ಲಿಂದ ಎದ್ದು ಬರಬೇಕಾಗಿದ್ದ ಜನ ಬರಲಿಲ್ಲ. ಅವರನ್ನು ನೆಚ್ಚಿಕೊಂಡಿದ್ದ ಕಂಪನಿಗಳೂ ಬರಲಿಲ್ಲ. ಆರು ವರ್ಷ, ನಾಲ್ಕೂವರೆ, ಮೂರು. ಪ್ರತಿ ಸೋಮವಾರ ಅವಳು ಇದ್ದದ್ದನ್ನು ಇದ್ದಂತೆಯೇ ಟೈಪ್ ಮಾಡಿದಳು. ಪ್ರತಿ ಸೋಮವಾರ ಸಂಜೆ ಚನ್ನವೀರ ಅಂಕಿಯ ಮಾತೆತ್ತದೆ ಪುಸ್ತಕ ತೆರೆದ. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಒಂದೊಂದು ಸಾಲಿನ ಅರ್ಥ ಬರೆದುಕೊಳ್ಳುವುದು ಅವನ ಅಭ್ಯಾಸ. ಆ ಬರವಣಿಗೆ ದಿನದಿನಕ್ಕೆ ಸಣ್ಣದಾಗುತ್ತಾ ಬಂತು. ತರಗತಿಯಲ್ಲಿ ಅರವತ್ತು ಜನರಿದ್ದವರು ಹದಿನಾಲ್ಕಾದರು. ಉಳಿದ ಹದಿನಾಲ್ಕೂ ಮಂದಿ ಅವನಂತೆಯೇ, ಬೇರೆ ಕಡೆ ಹೋಗಲು ವಯಸ್ಸಿಲ್ಲದವರು.

ಏಳು ತಿಂಗಳು ಹೀಗೆ ಕಳೆದವು. ಒಂದು ಗುರುವಾರ ಸಂಜೆ ಶಾಹೀನ್ ಪೇಢೆ ಡಬ್ಬಿ ಹಿಡಿದುಕೊಂಡು ಬಂದಳು. ಪಾಸಾಗಿ ಲೈಸೆನ್ಸ್ ಬಂದಿತ್ತು, ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತ್ತು. ಉಸಿರಾಟದ ಯಂತ್ರಗಳಿಗೆ ಬರುವ ಹೊಸ ಪ್ರೋಗ್ರಾಂಗಳನ್ನು ಓದಿ ಸಹಿ ಹಾಕುವುದು.

"ಅಣ್ಣಾರ ನೋಟ್‌ಬುಕ್ ಝೆರಾಕ್ಸ್ ಮಾಡಿಸಿಕೊಂಡು ಓದಿದೆ ಅಕ್ಕಾ. ನಮ್ಮ ಬ್ಯಾಚಿನಾಗ ಒಬ್ಬರೂ ಫೇಲಾಗಿಲ್ಲ."

ಚನ್ನವೀರ ಪೇಢೆ ತಿಂದ. ಚೆನ್ನಾಗಿ ಮಾತಾಡಿದ. ಅಮ್ಮ ಹೇಗಿದ್ದಾರೆ ಎಂದು ಕೇಳಿದ. ಅವಳನ್ನು ಗೇಟಿನವರೆಗೆ ಬಿಟ್ಟು ಬಂದು ಹೆಂಡತಿಯ ಎದುರು ಕುಳಿತ.

"ಓರಿನ್ ಇವತ್ತ ಎಷ್ಟೈತಿ?"

"ಆರೂವರೆ ವರ್ಷ."

"ಆ ಗುರುವಾರ ನೀ ಏನ್ ನೋಡಿದಿ, ನೀಲಾ?"

ಅವಳು ಎಲ್ಲ ಹೇಳಿದಳು. ನಡುನಡುವೆ ಅತ್ತಳು, ಮತ್ತೆ ಹೇಳಿದಳು. ಭಾನುವಾರ ಶಾಹೀನ್ ಬಂದದ್ದು, ಸೋಮವಾರ ಬರೆದದ್ದು, ಮರುವಾರ ಗಣಕ ಹೇಳಿದ್ದು, ಸೆರಾ ಯಾಕೆ ಇಳಿಯಿತು ಎಂಬುದು, ಎಲ್ಲ.

"ಅಂದ್ರ ನಾ ಅಲ್ಲೇ ಕುಂತಿದ್ರ..."

"ಹೌದ್ರಿ."

"ನಾ ಅಲ್ಲೇ ಸುಮ್ಮನ ಕುಂತಿದ್ರ ಇವತ್ತ ಪೇಢೆ ಹಂಚಾಕ ಹೋಗ್ತಿದ್ದೆ."

ಎರಡು ದಿನ ಅವನು ಅವಳೊಡನೆ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಉಂಡ, ಕರೆದರೆ ತಿರುಗಿ ನೋಡಿದ, ಅಷ್ಟೆ. ಹೊಡೆದಿದ್ದರೂ ತಡೆದುಕೊಳ್ಳಬಹುದಾಗಿತ್ತು ಎನಿಸಿತು ಅವಳಿಗೆ. ಆ ವಾರ ಗಣಕ ಸೆರಾಕ್ಕೆ ಹನ್ನೊಂದು ತಿಂಗಳು ಕೊಟ್ಟಿತ್ತು. ಅವನ ಪರೀಕ್ಷೆಗೆ ಇನ್ನೂ ಏಳು, ಲೈಸೆನ್ಸಿಗೆ ಎರಡು. ಭಾನುವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕುಳಿತವನು ತಲೆ ತಗ್ಗಿಸಿಕೊಂಡೇ ಹೇಳಿದ:

"ಸೆರಾಕ್ಕೂ ಬರಿ."

"ಏನ್ರೀ?"

"ನಾಳೆ ಸೆರಾಕ್ಕೂ ಆರು ವರ್ಷ ಬರಿ. ಶಾಹೀನ್‌ಗೆ ಬರದಿಯಲ್ಲ? ಆಕಿ ನಿನಗ ಏನಾಗಬೇಕು? ನನಗ ಒಂದ್ ಸಲ ಬರಿ."

"ಅಲ್ರೀ, ಇದು ಏರಿದ್ರ ಇನ್ನೊಂದು ಬೀಳ್ತೈತಿ. ಅದನ್ನ ಕಲಿಯೋವ್ರು..."

"ಅವರು ಯಾರು? ನಿನಗ ಗೊತ್ತೇನು? ನನಗ ಗೊತ್ತೇನು?" ಅವನ ದನಿ ಏರಿತು. ಇಷ್ಟು ವರ್ಷದಲ್ಲಿ ಅವನು ಹಾಗೆ ಕೂಗಿದ್ದೇ ಇಲ್ಲ. "ನಾ ನಿನ್ನ ಮಾತು ಕೇಳಿ ಬಿಟ್ಟಾಂವ! ನನ್ನಷ್ಟಕ್ಕ ನಾ ಓದಿಕೊಂಡು ಇದ್ದೆ. ನೀನಾ ಎಬ್ಬಿಸಿದಿ. ನೀನಾ ಕುಂದ್ರಿಸು."

ಸೋಮವಾರ ಅವಳು ಬರೆದಳು. ಈ ಸಲ ಅಳಿಸಲಿಲ್ಲ. ಸೆರಾ: ಆರು ವರ್ಷ ಎಂಟು ತಿಂಗಳು.

ಮಧ್ಯಾಹ್ನ ಎರಡಕ್ಕೆ ಚನ್ನವೀರ ತರಗತಿಗೆ ಹೋದಾಗ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಹೆಸರು ಬರೆಸಲು ಬಂದವರು ರಸ್ತೆಯವರೆಗೂ ನಿಂತಿದ್ದರು. ಹದಿನಾಲ್ಕು ಮಂದಿಯ ಕೋಣೆಯಲ್ಲಿ ಎಂಬತ್ತು ಜನ ತುಂಬಿದ್ದರು. ಹಳಬರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಅವನಿಗೂ ಎದೆ ಹಗುರಾಯಿತು. ಸುಳ್ಳು ಹೇಳಬೇಕೇಕೆ, ಆ ಗಳಿಗೆಯಲ್ಲಿ ಅವನಿಗೆ ಬಹಳ ಸಂತೋಷವಾಯಿತು.

ಪಕ್ಕದಲ್ಲಿ ಬಂದು ಕುಳಿತ ದಪ್ಪ ಕನ್ನಡಕದ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ ಪರಿಚಯ ಹೇಳಿಕೊಂಡ. ಫಕ್ಕೀರಪ್ಪ, ಊರು ಅಣ್ಣಿಗೇರಿ, ಮೊದಲು ನೀರು ಸರಬರಾಜಿನಲ್ಲಿ ಕೆಲಸ.

"ಟಿಮ್ರಾ ಕಲೀತಿದ್ದೆ ರೀ. ಇವತ್ತ ಮುಂಜಾನೆ ಬಿಟ್ಟುಬಂದೆ."

"ಎಷ್ಟು ತಿಂಗಳಾಗಿತ್ತು?"

"ಹದಿಮೂರು ಮುಗದಿತ್ತು. ಹನ್ನೊಂದು ದಿನಕ್ಕ ಪರೀಕ್ಷಾ."

ಚನ್ನವೀರ ಅವನನ್ನೇ ನೋಡಿದ. "ಹನ್ನೊಂದು ದಿನಕ್ಕ ಪರೀಕ್ಷಾ ಇಟ್ಕೊಂಡು ಬಿಟ್ರ್ಯಾ?"

"ಟಿಮ್ರಾಕ್ಕ ಉಳದದ್ದು ಎರಡು ವರ್ಷ ಮೂರು ತಿಂಗಳು ರೀ. ಆಮ್ಯಾಲ ಏನ್ ಮಾಡ್ಲಿ? ನನಗ ನಲವತ್ಮೂರು ಮುಗದೈತಿ. ಇದಾದ್ರ ಆರು ವರ್ಷದ ಮ್ಯಾಲ ಐತಿ. ಮಗಳ ಓದು ಮುಗೀತೈತಿ." ಅಂಗಿಯ ಜೇಬಿನಿಂದ ಹೆಸರು ತೆಗೆಸಿದ ಚೀಟಿ ತೆಗೆದು ಮಡಿಕೆ ಬಿಚ್ಚಿ, ಮತ್ತೆ ಮಡಚಿದ. "ನೀವು ಹಳಬರು. ಸ್ವಲ್ಪ ತಿಳಿಸಿ ಹೇಳ್ರಿ ನನಗ. ನನ್ನ ತಲಿ ಬೇಗ ಓಡಂಗಿಲ್ಲ. ಟಿಮ್ರಾ ಕಲಿಯಾಕ ಭಾಳ ಕಷ್ಟಪಟ್ಟೇನಿ."

ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತಾಗಿತ್ತು. ಆ ಚೀಟಿಯನ್ನು ರದ್ದು ಮಾಡಲು ಐದರವರೆಗೆ ಸಮಯವಿತ್ತು. ಚನ್ನವೀರ ಪುಸ್ತಕ ತೆರೆದು ಮೊದಲ ಪಾಠ ಹೇಳಲು ಶುರುಮಾಡಿದ. ಎರಡು ಸಾಲು ಹೇಳಿದ. ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸಿದ. ಬಾಯಿ ಮುಚ್ಚಿಕೊಂಡಿದ್ದರೆ ಸೆರಾ ಬದುಕೀತು. ಗುರುವಾರದ ಹೊತ್ತಿಗೆ ಗಣಕವೇ ಅದಕ್ಕೆ ಆರು ವರ್ಷ ಕೊಟ್ಟೀತು. ಅವನಿಗೂ ಕೆಲಸ ಸಿಕ್ಕೀತು, ಫಕ್ಕೀರಪ್ಪನಿಗೂ ಸಿಕ್ಕರೂ ಸಿಕ್ಕೀತು. ಸಿಗದೆಯೂ ಹೋದೀತು. ಇವತ್ತು ಟಿಮ್ರಾ ಬಿಟ್ಟು ಎಷ್ಟು ಮಂದಿ ಎದ್ದಿದ್ದಾರೋ, ಅಲ್ಲೇ ಉಳಿದವರ ಗತಿ ಏನೋ.

"ಏನಾತ್ರಿ?" ಎಂದ ಫಕ್ಕೀರಪ್ಪ. "ಮುಂದ ಹೇಳ್ರಿ."

ಚನ್ನವೀರ ಎದ್ದು ನಿಂತ. ಮೊದಲು ಅವನ ದನಿ ಯಾರಿಗೂ ಕೇಳಿಸಲಿಲ್ಲ. ಬೆಂಚಿನ ಮೇಲೆ ಹತ್ತಿ ಕೂಗಿದ.

"ಎಲ್ಲಾರೂ ವಾಪಸ್ ಹೋಗ್ರಿ! ಇವತ್ತಿನ ಅಂಕಿ ಸುಳ್ಳು. ಸೆರಾಕ್ಕ ಉಳದಿರೋದು ಹನ್ನೊಂದ ತಿಂಗಳು."

ಯಾರೋ ನಕ್ಕರು. ಯಾರೋ, "ಜನ ಬಂದ್ರ ಇವಂಗ ಹೊಟ್ಟಿಕಿಚ್ಚು" ಎಂದರು. "ನೀ ಯಾರು ಹೇಳಾಕ?" ಎಂದು ಹಿಂದಿನಿಂದ ಒಬ್ಬ ಎದ್ದು ಬಂದ.

"ನನ್ನ ಹೆಂಡ್ತಿ ಆ ಕೇಂದ್ರದಾಗ ಕೆಲಸ ಮಾಡ್ತಾಳ. ಇವತ್ತಿನ ಅಂಕಿ ಯಂತ್ರ ಹೇಳಿದ್ದಲ್ಲ, ಆಕಿ ಕೈಲೆ ಬರದದ್ದು. ನಾನಾ ಬರಸಿದ್ದು. ಐದರ ತನಕಾ ಟೈಮ್ ಐತಿ, ನಿಮ್ಮ ನಿಮ್ಮ ಭಾಷಾಕ್ಕ ಓಡಿ ಹೋಗ್ರಿ."

ಹಳಬರಲ್ಲೇ ಒಬ್ಬ ಅವನ ಕಾಲು ಹಿಡಿದು ಎಳೆದ. ಬಿದ್ದವನ ಮೇಲೆ ಎಷ್ಟು ಕೈ ಬಿದ್ದವೋ ಲೆಕ್ಕವಿಲ್ಲ. ಹೊಡೆಯುತ್ತಿದ್ದವರೂ ಅಳುತ್ತಿದ್ದರು. ಕಾಲುಗಳ ಸಂದಿಯಿಂದ ಅವನಿಗೆ ಫಕ್ಕೀರಪ್ಪ ಚೀಟಿ ಹಿಡಿದುಕೊಂಡು ಬಾಗಿಲ ಕಡೆ ಓಡುವುದು ಕಾಣಿಸಿತು.

ನೀಲಾಂಬಿಕಾಳ ಫೋನ್ ರಿಂಗಾದಾಗ ನಾಲ್ಕೂವರೆ. ಅವನ ಮಾತು ತೊದಲುತ್ತಿತ್ತು. ತುಟಿ ಒಡೆದಿದೆ ಎಂದು ಅವಳಿಗೆ ಆಮೇಲೆ ಗೊತ್ತಾಯಿತು.

"ನೀಲಾ, ಹೇಳಿಬಿಟ್ಟೆ."

ಅವಳು ಎದ್ದು ಕೋಣೆಯ ಬಾಗಿಲು ಮುಚ್ಚಿದಳು. "ಎಲ್ಲಾ ಹೇಳಿದ್ರೇನು?"

"ಸೆರಾದ್ದಷ್ಟ. ಅದೊಂದ. ತಿಳೀತಿಲ್ಲೋ?"

"ತಿಳೀತ್ರಿ."

ಸಂಜೆ ಆರರ ಹೊತ್ತಿಗೆ ಸುದ್ದಿ ಎಲ್ಲ ಕಡೆ ಹಬ್ಬಿತು. ಕೇಂದ್ರದವರು ಅಂಕಿ ವಾಪಸು ತೆಗೆದರು. ಅವಳನ್ನು ಕೋಣೆಯಿಂದ ಹೊರಗೆ ಕೂರಿಸಿ ಬಾಗಿಲಿಗೆ ಬೀಗ ಹಾಕಿದರು.

ಮೂರನೆಯ ದಿನ ವಿಚಾರಣೆ ನಡೆಯಿತು. ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಕುಳಿತಿದ್ದ ಹಿರಿಯ ಅಧಿಕಾರಿ ಮೆತ್ತಗೆ ಮಾತಾಡುವವರು. ಗಣಕದಲ್ಲಿ ಹಿಂದಿನ ಎಂಟು ವಾರಗಳ ಲೆಕ್ಕವಷ್ಟೇ ಉಳಿದಿರುತ್ತದೆ, ಅದಕ್ಕೂ ಹಳೆಯದು ಅಳಿಸಿಹೋಗುತ್ತದೆ. ಆ ಎಂಟು ವಾರಗಳನ್ನು ಅವರು ಸಾಲು ಸಾಲಾಗಿ ಹೋಲಿಸಿ ನೋಡಿದ್ದರು. ತಪ್ಪಿದ್ದದ್ದು ಸೆರಾ ಒಂದೇ.

"ಗಂಡನಿಗಾಗಿ ಮಾಡಿದಿರಿ. ಅದು ನಮಗೆ ಅರ್ಥವಾಗುತ್ತದೆ," ಎಂದರು ಅವರು. "ಇದಕ್ಕೂ ಮೊದಲು ಯಾವತ್ತಾದರೂ, ಯಾವ ಭಾಷೆಗಾದರೂ, ಹೀಗೆ ಬರೆದದ್ದಿದೆಯೆ? ಯೋಚಿಸಿ ಹೇಳಿ."

ಅವಳು ಯೋಚಿಸಿದಳು. ಓರಿನ್ ಎಂದು ಒಂದು ಮಾತು ಹೇಳಿದರೆ ಸಾಕು, ಈ ಯಂತ್ರ ಏನೂ ಕಾಣುವುದಿಲ್ಲ, ಇದು ಆಡಿದ ಮಾತೇ ಭಾಷೆಗಳನ್ನು ಕೊಲ್ಲುತ್ತದೆ ಎಂದು ಎಲ್ಲರ ಮುಂದೆ ಸಾಬೀತಾಗುತ್ತದೆ. ಬೇರೆ ಪುರಾವೆ ಅವಳ ಬಳಿ ಇರಲಿಲ್ಲ. ಪಂಚಾಂಗ ನೋಡಿ ಅರ್ಧಕ್ಕೆ ಎದ್ದು ಓಡುವ ಜನ ಇನ್ನಾದರೂ ನಿಂತಾರು. ಆದರೆ ಹೇಳಿದ ದಿನವೇ ಓರಿನ್‌ನ ಹೆಸರು ಕೆಡುತ್ತದೆ. ಸುಳ್ಳಿನ ಮೇಲೆ ನಿಂತ ಭಾಷೆ ಎಂದು ಕಂಪನಿಗಳು ಬಿಟ್ಟು ಓಡುತ್ತವೆ. ಹತ್ತೊಂಬತ್ತು ಸಾವಿರ ಸಹಿದಾರರಿದ್ದರು ಆಗ ಓರಿನ್‌ಗೆ. ಶಾಹೀನ್ ಆ ಹೊತ್ತಿಗೆ ಡ್ಯೂಟಿಯಲ್ಲಿರುತ್ತಾಳೆ. ಬಾಗಿಲಾಚೆ ಬೆಂಚಿನ ಮೇಲೆ ಚನ್ನವೀರ ಕುಳಿತಿದ್ದ. ಅವನನ್ನು ಒಂದು ಗಂಟೆ ಮೊದಲು ಕೇಳಿ ಮುಗಿಸಿದ್ದರು. ಅವನು ಏನು ಹೇಳಿರಬಹುದೆಂದು ಅವಳಿಗೆ ಗೊತ್ತಿತ್ತು.

"ಇಲ್ಲ ಸರ್," ಎಂದಳು. "ಇದೊಂದೇ."

ಅವರು ಬರೆದುಕೊಂಡರು. ಅವಳು ಅದರ ಕೆಳಗೆ ಸಹಿ ಹಾಕಿದಳು.

ಕೆಲಸ ಹೋಯಿತು. ಕೇಸು ಧಾರವಾಡದ ಕೋರ್ಟಿನಲ್ಲಿ ನಡೆಯುತ್ತಲೇ ಇತ್ತು. ಸೆರಾ ಹನ್ನೊಂದು ತಿಂಗಳೂ ಬಾಳಲಿಲ್ಲ, ಐದನೆಯ ತಿಂಗಳಿಗೆ ಅದರ ಕೊನೆಯ ತರಗತಿಯನ್ನೂ ಮುಚ್ಚಿದರು. ಫಕ್ಕೀರಪ್ಪ ಟಿಮ್ರಾ ಪಾಸಾದ. ಪಾಸಾದ ದಿನ ಫೋನ್ ಮಾಡಿ, "ಊಟ ಆತ್ರಿ?" ಎಂದು ಕೇಳಿ ಇಟ್ಟುಬಿಟ್ಟ. ಕೇಂದ್ರದಲ್ಲಿ ಪರಿಶೀಲನೆಗೆ ಒಬ್ಬರಲ್ಲ, ಇಬ್ಬರು ಹೊಸಬರನ್ನು ಕೂರಿಸಿದರು. ಅಂಕಿಗಳು ಈಗ ಮೊದಲಿಗಿಂತ ನಂಬಿಕೆಯವು ಎಂದು ಪೇಪರಿನಲ್ಲಿ ಬಂತು.

ನೀಲಾಂಬಿಕಾ ಪಕ್ಕದ ಓಣಿಯ ಖಾನಾವಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು. ಚನ್ನವೀರ ಅವುಗಳನ್ನು ಕಟ್ಟಿ ಸೈಕಲ್ಲಿನ ಮೇಲೆ ಒಯ್ಯುತ್ತಿದ್ದ. ಅವನಿಗೆ ನಲವತ್ತೈದು ತುಂಬಿದ ದಿನ ಕಲಿಯುವವರ ಪಟ್ಟಿಯಿಂದ ಹೆಸರು ತೆಗೆದಿದ್ದೇವೆ ಎಂದು ಕಾಗದ ಬಂತು. ಅವನು ಓದಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ಒಲೆಯ ಹತ್ತಿರ ಬಂದು ಅವಳ ಪಕ್ಕ ಕುಳಿತ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಮಾತನ್ನು ಕೇಳಿದಳು.

"ಅವತ್ತ ವಿಚಾರಣಿಯಾಗ ನಾ ಖರೇ ಹೇಳಬೇಕಿತ್ತೇನ್ರೀ?"

ಅವನು ಬೆಂದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ.

"ಹೇಳಿದ್ರ ಶಾಹೀನ್ ಹೋಗ್ತಿದ್ದಳು, ಆಕಿ ಜೋಡಿ ಹತ್ತೊಂಬತ್ತು ಸಾವಿರ ಮಂದಿ ಹೋಗ್ತಿದ್ರು. ಹೇಳಲಿಲ್ಲ. ಅದಕ್ಕ ಇನ್ನ ಮುಂದ ಪಂಚಾಂಗ ನಂಬಿ ಎಷ್ಟ ಮಂದಿ ಹೋಗ್ತಾರೋ." ತಲೆ ಅಲ್ಲಾಡಿಸಿದ. "ಇದೊಂದು ನನಗ ತಿಳೀವಲ್ದು, ನೀಲಾ."

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅವನೇ ಕೈ ಚಾಚಿ ತೆಗೆದ.